ಪೋಕೆಮಾನ್ ಕಾರ್ಡಿಗೆ ಬೆಲೆ ಕಟ್ಟುವವರು

2025ರ ಮಾರ್ಚ್‌ಗೆ ಮುಗಿದ ಒಂದೇ ಹಣಕಾಸು ವರ್ಷದಲ್ಲಿ ಪೋಕೆಮಾನ್ ಕಂಪನಿ ಅಚ್ಚು ಹಾಕಿಸಿದ ಕಾರ್ಡುಗಳ ಸಂಖ್ಯೆ ಸುಮಾರು 1,020 ಕೋಟಿ. ಭೂಮಿಯ ಮೇಲಿರುವ ಎಲ್ಲರಿಗೂ ಒಂದೊಂದು ಹಂಚಿದರೂ ಇನ್ನೂರು ಕೋಟಿ ಮಿಗುತ್ತದೆ. ಅದೇ ಅವಧಿಯ ಜನವರಿಯಲ್ಲಿ 'ಪ್ರಿಸ್ಮ್ಯಾಟಿಕ್ ಎವಲ್ಯೂಷನ್ಸ್' ಎಂಬ ಸೆಟ್ ಬಂದಾಗ ಅಮೆರಿಕದ ಅಂಗಡಿಗಳಲ್ಲಿ ಒಂದು ಪ್ಯಾಕೂ ಸಿಗದೆ ಜನ ಬರಿಗೈಯಲ್ಲಿ ಮರಳಿದರು. ಕಂಪನಿ ಸೂಚಿಸಿದ ಬೆಲೆಯ ಎರಡು ಮೂರು ಪಟ್ಟಿಗೆ ಅದೇ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಮಾರಾಟವಾದವು. 2025ರ ಆಗಸ್ಟ್‌ನಲ್ಲಿ ಜಪಾನಿನ ಮೆಕ್‌ಡೊನಾಲ್ಡ್ಸ್ ಮಕ್ಕಳ ಊಟದ ಜೊತೆ ಪೋಕೆಮಾನ್ ಕಾರ್ಡ್ ಕೊಡಲು ಹೊರಟಿತು. ಕಾರ್ಡಿಗಾಗಿ ರಾಶಿರಾಶಿ ಊಟ ಕೊಂಡವರು ಕಾರ್ಡ್ ಎತ್ತಿಕೊಂಡು ಬರ್ಗರನ್ನು ಹಾಗೇ ಎಸೆದು ಹೋದರು. ಮೆಕ್‌ಡೊನಾಲ್ಡ್ಸ್ ಕ್ಷಮೆ ಕೇಳಬೇಕಾಯಿತು.

ಸಾವಿರ ಕೋಟಿ ಅಚ್ಚಾಗುವ ವಸ್ತುವಿಗೆ ಬರ ಹೇಗೆ ಬರುತ್ತದೆ?

ಕಾರ್ಡುಗಳಿಗೆ ಬರವಿಲ್ಲ, ಜನ ಹುಡುಕುವ ಕೆಲವೇ ಕಾರ್ಡುಗಳಿಗೆ ಬರವಿದೆ. ಇಂಗ್ಲಿಷ್ ಪ್ಯಾಕೊಂದರಲ್ಲಿ ಹತ್ತು ಕಾರ್ಡ್ ಇರುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮರುಮಾರಾಟದಲ್ಲಿ ಐದು ರೂಪಾಯಿಯೂ ಹುಟ್ಟುವುದಿಲ್ಲ. ಬೆಲೆ ಬಾಳುವ ವಿಶೇಷ ಚಿತ್ರದ ಕಾರ್ಡುಗಳು ಎಷ್ಟು ಪ್ಯಾಕಿಗೊಂದು ಬರುತ್ತವೆ ಎಂಬುದನ್ನು ಪೋಕೆಮಾನ್ ಕಂಪನಿ ಪ್ರಕಟಿಸುವುದಿಲ್ಲ. ಸಾವಿರಾರು ಪ್ಯಾಕ್ ಒಡೆಯುವ ಅಂಗಡಿಗಳೇ ಲೆಕ್ಕ ಹಾಕಿ ಹೇಳಬೇಕು. ಅವರ ಲೆಕ್ಕದ ಪ್ರಕಾರ ಪ್ರಿಸ್ಮ್ಯಾಟಿಕ್ ಎವಲ್ಯೂಷನ್ಸ್‌ನಲ್ಲಿ ಎಲ್ಲರೂ ಬಯಸುವ ಅಂಬ್ರಿಯಾನ್ ಕಾರ್ಡ್ ಸಾವಿರಕ್ಕೂ ಹೆಚ್ಚು ಪ್ಯಾಕ್ ಒಡೆದರೆ ಒಂದು ಸಿಗುತ್ತದೆ. ಪ್ಯಾಕಿಗೆ ಐದು ಡಾಲರ್ ಹಿಡಿದರೂ ಖರ್ಚು ಐದು ಸಾವಿರ ಡಾಲರ್. ಆ ಕಾರ್ಡ್ ಬಿಡಿಯಾಗಿ ಬಿಕರಿಯಾಗುತ್ತಿದ್ದದ್ದು ಸಾವಿರ ಡಾಲರ್‌ಗಿಂತ ತುಸು ಮೇಲೆ. ಪ್ಯಾಕ್ ಒಡೆದು ಲಾಭ ಮಾಡುತ್ತೇನೆ ಎನ್ನುವವನಿಗೆ ಈ ಎರಡು ಅಂಕಿಗಳೇ ಸಾಕು. ಅಷ್ಟಾದರೂ ಪ್ಯಾಕ್ ಖರ್ಚಾಗುತ್ತವೆ, ಏಕೆಂದರೆ ಲಾಟರಿ ಟಿಕೆಟ್ ಖರ್ಚಾಗುವ ಕಾರಣವೇ ಇಲ್ಲೂ ಇದೆ.

ಈ ಆಸೆಗೂ ಅಂಗಡಿಯ ಷೆಲ್ಫಿಗೂ ನಡುವೆ ಬ್ಲಾಕಿನವನು ಬಂದು ನಿಲ್ಲುತ್ತಾನೆ. ಗಾಂಧಿನಗರದ ಥಿಯೇಟರುಗಳ ಮುಂದೆ ಮೊದಲ ದಿನದ ಟಿಕೆಟನ್ನು ಬ್ಲಾಕಿನಲ್ಲಿ ಕೊಂಡವರಿಗೆ ಈ ದಂಧೆಯ ಮೊದಲ ಹೆಜ್ಜೆ ಚೆನ್ನಾಗಿ ಗೊತ್ತು. ಆದರೆ ಟಿಕೆಟಿಗೆ ಗಡುವಿತ್ತು. ಷೋ ಶುರುವಾಗಿ ಹತ್ತು ನಿಮಿಷವಾದರೆ ಅದು ರದ್ದಿ, ಹಾಗಾಗಿ ಬ್ಲಾಕಿನವನೂ ಕೊನೆಗೆ ಬಂದಷ್ಟಕ್ಕೆ ಬಿಡಬೇಕಿತ್ತು. ಮೊಹರು ಒಡೆಯದ ಕಾರ್ಡ್ ಪೆಟ್ಟಿಗೆಗೆ ಅಂಥ ಗಡುವಿಲ್ಲ. ಇವತ್ತು ಹೋಗದಿದ್ದರೆ ಮುಂದಿನ ವರ್ಷ ಹೋಗುತ್ತದೆ ಎಂದು ಬೀರುವಿನಲ್ಲಿ ಇಟ್ಟುಕೊಳ್ಳಬಹುದು. ಈ ವ್ಯಾಪಾರದಲ್ಲಿ ಹೆದರಿ ಬೆಲೆ ಇಳಿಸುವವರು ಕಡಿಮೆ ಇರುವುದು ಅದಕ್ಕೇ.

ಕೆಲಸ ನಡೆಯುವ ರೀತಿ ಹೀಗೆ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಕಾರ್ಡಿನ ಷೆಲ್ಫ್ ತುಂಬುವುದು ಅಂಗಡಿಯ ನೌಕರನಲ್ಲ, ವಿತರಕ ಕಂಪನಿಯಿಂದ ಬರುವ ಆಳು. ಅವನು ಯಾವ ವಾರ, ಎಷ್ಟು ಗಂಟೆಗೆ ಬರುತ್ತಾನೆಂದು ಗೊತ್ತು ಮಾಡಿಕೊಂಡವರು ಬೆಳಗಿನ ಜಾವವೇ ಪಾರ್ಕಿಂಗ್‌ನಲ್ಲಿ ಕಾದಿರುತ್ತಾರೆ. ಆನ್‌ಲೈನಿನಲ್ಲಿ ಈ ಕೆಲಸವನ್ನು ಬಾಟ್‌ಗಳು ಮಾಡುತ್ತವೆ. ಮನುಷ್ಯ ವಿಳಾಸ ತುಂಬುವಷ್ಟರಲ್ಲಿ ಬಾಟ್ ಹತ್ತು ಹೆಸರಿನಲ್ಲಿ ಆರ್ಡರ್ ಹಾಕಿ ಮುಗಿಸಿರುತ್ತದೆ. ಒಬ್ಬರಿಗೆ ಎರಡೇ ಪೆಟ್ಟಿಗೆ ಎಂಬ ನಿಯಮಕ್ಕೆ ಅಣ್ಣ, ತಮ್ಮ, ಹೆಂಡತಿ, ಅತ್ತೆ ಎಲ್ಲರೂ ಸಾಲಿನಲ್ಲಿ ನಿಂತು ಉತ್ತರ ಕೊಡುತ್ತಾರೆ. 2021ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡ್‌ನಲ್ಲಿ ಟಾರ್ಗೆಟ್ ಮಳಿಗೆಯ ಹೊರಗೆ ಕಾರ್ಡುಗಳಿಗಾಗಿ ಹೊಡೆದಾಟವಾಗಿ ಒಬ್ಬ ಪಿಸ್ತೂಲು ತೆಗೆದ. ಟಾರ್ಗೆಟ್ ಮಳಿಗೆಗಳು ಕೆಲಕಾಲ ಕಾರ್ಡ್ ಮಾರಾಟವನ್ನೇ ನಿಲ್ಲಿಸಿದವು.

ಜಪಾನಿನ ಅಂಗಡಿಗಳು ಹೆಚ್ಚು ಜಾಣತನದ ಉಪಾಯ ಹೂಡಿವೆ. ಹೊಸ ಸೆಟ್ ಬಂದಾಗ ಕೊಳ್ಳುವ ಹಕ್ಕನ್ನೇ ಚೀಟಿ ಎತ್ತಿ ಹಂಚುತ್ತಾರೆ. ಕೆಲವು ಕಡೆ ಪೆಟ್ಟಿಗೆಯನ್ನು ಗಿರಾಕಿಯ ಕೈಗೆ ಕೊಡುವ ಮುನ್ನ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೌಂಟರಿನಲ್ಲೇ ಹರಿದುಬಿಡುತ್ತಾರೆ. ಆಡಲು ಕೊಳ್ಳುವ ಹುಡುಗನಿಗೆ ಇದರಿಂದ ನಷ್ಟವೇನೂ ಇಲ್ಲ. ಮರುಮಾರಾಟಕ್ಕೆ ಕೊಂಡವನ ಮಾಲು ಮಾತ್ರ ಆ ಕ್ಷಣಕ್ಕೇ ಬೆಲೆ ಕಳೆದುಕೊಳ್ಳುತ್ತದೆ. ನನ್ನ ಕೇಳಿದರೆ ಇಡೀ ಹವ್ಯಾಸದಲ್ಲಿ ಯಾರೂ ಇದಕ್ಕಿಂತ ಒಳ್ಳೆಯ ನಿಯಮ ಕಂಡುಹಿಡಿದಿಲ್ಲ.

ಬ್ಲಾಕಿನವನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಅವನ ಲಾಭಕ್ಕೆ ನಿಜವಾದ ಶತ್ರು ಮರುಮುದ್ರಣ. ಪೋಕೆಮಾನ್ ಕಂಪನಿ 2022ರಲ್ಲಿ ಅಮೆರಿಕದ ಮಿಲೆನಿಯಂ ಪ್ರಿಂಟ್ ಗ್ರೂಪ್ ಎಂಬ ಮುದ್ರಣ ಸಂಸ್ಥೆಯನ್ನೇ ಕೊಂಡಿತು. ಚಾಲ್ತಿಯಲ್ಲಿರುವ ಸೆಟ್ಟನ್ನು ಮತ್ತೆ ಮತ್ತೆ ಅಚ್ಚು ಹಾಕಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ, 1993ರಲ್ಲಿ ಶುರುವಾದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟದ ಪ್ರಕಾಶಕರು 1996ರಲ್ಲಿ ಕೆಲವು ಹಳೆಯ ಕಾರ್ಡುಗಳ ಪಟ್ಟಿ ಮಾಡಿ, ಇವನ್ನು ಇನ್ನು ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟರು. ಆ ಪಟ್ಟಿಯ ಕಾರ್ಡುಗಳ ಬೆಲೆ ನಿಂತಿರುವುದು ಆ ಮಾತಿನ ಮೇಲೆ. ಹೊಸ ಪೋಕೆಮಾನ್ ಪೆಟ್ಟಿಗೆಯನ್ನು ಮೂರು ಪಟ್ಟು ಕೊಟ್ಟು ಕೊಳ್ಳುವಾಗ ಅಂಥ ಮಾತು ಯಾರೂ ಕೊಟ್ಟಿಲ್ಲ ಎಂಬುದು ನೆನಪಿರಲಿ.

ಮೊಹರಿನ ವಿಷಯಕ್ಕೂ ಇಲ್ಲೇ ಬಂದುಬಿಡೋಣ. 1999ರ ಕಾಲದ ಪ್ಯಾಕ್‌ಗಳಲ್ಲಿ ಹೊಳೆಯುವ ಕಾರ್ಡಿದ್ದರೆ ತೂಕ ಒಂದು ಕೂದಲೆಳೆಯಷ್ಟು ಹೆಚ್ಚು. ಚಿನ್ನದಂಗಡಿಯ ತಕ್ಕಡಿಯಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಭಾರದ ಪ್ಯಾಕನ್ನು ತಾವಿಟ್ಟುಕೊಂಡು ಹಗುರದ್ದನ್ನು ಮಾರುವವರು ಅಂದಿನಿಂದಲೂ ಇದ್ದಾರೆ. ಆಮೇಲೆ ಕಂಪನಿ ಆನ್‌ಲೈನ್ ಆಟಕ್ಕೆ ಬಳಸುವ, ಬೇರೆ ಬೇರೆ ತೂಕದ ಕೋಡ್ ಕಾರ್ಡುಗಳನ್ನು ಪ್ಯಾಕಿಗೆ ಸೇರಿಸಿ ಈ ಆಟ ಕೆಡಿಸಿತು. ಹಳೆಯ ಪ್ಯಾಕನ್ನು ಬಿಡಿಯಾಗಿ ಮಾರುವವನು ತೂಕ ಹೇಳದಿದ್ದರೆ ಅದು ಹಗುರದ್ದೇ ಎಂದು ತಿಳಿಯಿರಿ. ಇಡೀ ಪೆಟ್ಟಿಗೆಗೂ ಇದೇ ಎಚ್ಚರ ಬೇಕು. ಯೂಟ್ಯೂಬಿನ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಮೊದಲ ಮುದ್ರಣದ ಮೊಹರಾದ ಪೆಟ್ಟಿಗೆಗಳನ್ನು ಕೊಂಡರು. 2022ರ ಜನವರಿಯಲ್ಲಿ ಒಡೆದು ನೋಡಿದರೆ ಒಳಗಿದ್ದವು ಜಿ.ಐ. ಜೋ ಕಾರ್ಡುಗಳು. ಆ ಪೆಟ್ಟಿಗೆಗಳನ್ನು ಪರಿಣತರು ಅಸಲಿ ಎಂದು ಮೊದಲೇ ದೃಢಪಡಿಸಿದ್ದರು.

ಇನ್ನು ಗ್ರೇಡಿಂಗ್. ಅಸಲಿಯೋ ನಕಲಿಯೋ, ಸ್ಥಿತಿ ಹೇಗಿದೆ ಎಂದು ಮೂರನೆಯವರೊಬ್ಬರು ನೋಡಿ, 1ರಿಂದ 10ರ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಬೆಸುಗೆ ಹಾಕಿ ಕೊಡುವ ವ್ಯವಸ್ಥೆ ಇದು. ಹವ್ಯಾಸಿಗಳ ಬಾಯಲ್ಲಿ ಆ ಕವಚಕ್ಕೆ ಸ್ಲ್ಯಾಬ್ ಎಂದು ಹೆಸರು, ಗ್ರೇಡ್ ಆಗದ ಕಾರ್ಡಿಗೆ ರಾ ಎಂದು. ಕ್ಯಾಲಿಫೋರ್ನಿಯಾದ ಪಿಎಸ್‌ಎ ಈ ಕ್ಷೇತ್ರದ ದೊಡ್ಡಣ್ಣ, 1991ರಿಂದ ಇದೆ. ಬೆಕೆಟ್, ಸಿಜಿಸಿ ಇದೇ ಕೆಲಸ ಮಾಡುವ ಇತರ ಸಂಸ್ಥೆಗಳು. ನೋಡುವುದು ನಾಲ್ಕು ಸಂಗತಿ: ಚಿತ್ರ ಅಂಚುಗಳ ನಡುವೆ ಸರಿಯಾಗಿ ಕೂತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರು ಕಲೆ ಇದೆಯೇ. ಬೆಕೆಟ್ ಕೊಡುವ ನಾಲ್ಕು ಉಪಅಂಕಗಳು ಈ ನಾಲ್ಕಕ್ಕೇ. ಪಿಎಸ್‌ಎ ಒಂದೇ ಅಂಕ ಕೊಟ್ಟು ಸುಮ್ಮನಾಗುತ್ತದೆ. ಅದರಲ್ಲಿ 9 ಆದ ಮೇಲೆ ನೇರ 10, ನಡುವೆ ಒಂಬತ್ತೂವರೆ ಇಲ್ಲ.

ಈ ಸಂಸ್ಥೆಯ ಮೊದಲ ಕಾರ್ಡಿನ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. 1909ರಿಂದ 1911ರ ನಡುವೆ ಸಿಗರೇಟು ಪೊಟ್ಟಣದೊಳಗೆ ಬಂದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡ್ ಅದು. ಉಳಿದಿರುವವೇ ಕೆಲವು ಡಜನ್. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ ಸೇರಿ 1991ರಲ್ಲಿ 4,51,000 ಡಾಲರಿಗೆ ಅದರ ಒಂದು ಪ್ರತಿ ಕೊಂಡಿದ್ದರು. ಪಿಎಸ್‌ಎ ತನ್ನ ಮೊಟ್ಟಮೊದಲ ಗ್ರೇಡನ್ನು ಅದಕ್ಕೆ ಕೊಟ್ಟಿತು, 10ಕ್ಕೆ 8. 2007ರಲ್ಲಿ ಅದೇ ಕಾರ್ಡ್ 28 ಲಕ್ಷ ಡಾಲರಿಗೆ ಕೈಬದಲಾಯಿತು. 2013ರಲ್ಲಿ ವಂಚನೆಯ ಮೊಕದ್ದಮೆಯೊಂದರಲ್ಲಿ ಸಿಕ್ಕಿಬಿದ್ದ ಹರಾಜುಗಾರ ಬಿಲ್ ಮಾಸ್ಟ್ರೊ, ಆ ಕಾರ್ಡಿನ ಅಂಚನ್ನು ತಾನೇ ಹಿಂದೊಮ್ಮೆ ಕತ್ತರಿಸಿ ಅಂದ ಮಾಡಿದ್ದೆ ಎಂದು ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡಬಾರದು ಎಂಬುದು ಗ್ರೇಡಿಂಗ್‌ನ ಮೂಲ ನಿಯಮ.

ಹಾಗೆಂದು ಗ್ರೇಡಿಂಗ್ ಎಲ್ಲ ಬೊಗಳೆ ಎನ್ನಲಾಗದು. ಸಾವಿರಾರು ಮೈಲಿ ಆಚೆಯ ಅಪರಿಚಿತನಿಂದ ಫೋಟೊ ನೋಡಿ ದುಬಾರಿ ಕಾರ್ಡ್ ಕೊಳ್ಳುವವನಿಗೆ ಅಸಲಿತನದ ಭರವಸೆ ಬೇಕೇ ಬೇಕು. ಬಹುಪಾಲು ಸಲ ಆ ಭರವಸೆ ನಿಜವೂ ಆಗಿರುತ್ತದೆ. ಆದರೆ ಬಹುಪಾಲು ಸಲ ಎಂದರೆ ಪ್ರತಿ ಸಲ ಅಲ್ಲ. 1996ರ ಮೂಲ ಮಾದರಿಗಳು ಎಂದು ಸಿಜಿಸಿ ದೃಢೀಕರಿಸಿದ್ದ ಕೆಲವು ಪೋಕೆಮಾನ್ ಕಾರ್ಡುಗಳಲ್ಲಿ, ಬಣ್ಣದ ಪ್ರಿಂಟರುಗಳು ಕಣ್ಣಿಗೆ ಕಾಣದಂತೆ ಬಿಡುವ ಹಳದಿ ಚುಕ್ಕೆಗಳನ್ನು 2025ರ ಆರಂಭದಲ್ಲಿ ಹವ್ಯಾಸಿಗಳೇ ಪತ್ತೆ ಮಾಡಿದರು. ಚುಕ್ಕೆಗಳನ್ನು ಓದಿದಾಗ ಸಿಕ್ಕ ಮುದ್ರಣದ ವರ್ಷ 2024.

ಒಂದು ಕಾರ್ಡನ್ನು ಕಳಿಸುವ ಮುನ್ನ ನೀವೇ ಪರೀಕ್ಷೆ ಮಾಡಬಹುದು. ಬೇಕಾದ್ದು ಮಿಲಿಮೀಟರ್ ಅಳತೆಪಟ್ಟಿ, ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ, ಮೊಬೈಲಿನ ಟಾರ್ಚ್. ಕಾರ್ಡಿನ ಅಗಲ 63 ಮಿಲಿಮೀಟರ್, ಎತ್ತರ 88. ಎಡಬಲದ ಅಂಚುಗಳೆರಡೂ ಸೇರಿ 4 ಮಿಲಿಮೀಟರ್ ಇದೆ ಎಂದುಕೊಳ್ಳಿ. ಒಂದು ಕಡೆ 2.2, ಇನ್ನೊಂದು ಕಡೆ 1.8 ಇದ್ದರೆ ಅದು 55ಕ್ಕೆ 45. ಪಿಎಸ್‌ಎ ಈಗ 10 ಕೊಡಲು ಮುಂಭಾಗಕ್ಕೆ ಇಟ್ಟಿರುವ ಮಿತಿ ಇದೇ. 2.4 ಮತ್ತು 1.6 ಆದರೆ 60ಕ್ಕೆ 40, ಹತ್ತು ತಪ್ಪಿತು. ಸಾವಿರಾರು ರೂಪಾಯಿ ಅಂತರ ಕೂತಿರುವುದು ಈ ಪಾಯಿಂಟ್ ಎರಡು ಮಿಲಿಮೀಟರಿನಲ್ಲಿ. ಆಮೇಲೆ ಕಾರ್ಡನ್ನು ಬೆನ್ನಿಗೆ ತಿರುಗಿಸಿ ನೀಲಿ ಅಂಚನ್ನು ಸುತ್ತಲೂ ನೋಡಿ. ಉಗುರು ತಗುಲಿದಷ್ಟು ಬಿಳಿ ಚುಕ್ಕೆ ಕಂಡರೂ 10ರ ಆಸೆ ಬಿಡಬೇಕು. ಕೊನೆಗೆ ದೀಪ ಆರಿಸಿ, ಟಾರ್ಚನ್ನು ಕಾರ್ಡಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಹೊಳೆಯುವ ಭಾಗದ ಮೇಲೆ ನೇರವಾಗಿ ಓಡುವ ಸಣ್ಣ ಗೆರೆಯೊಂದು ಒಮ್ಮೆಲೇ ಎದ್ದು ಕಾಣಬಹುದು. ಅದು ನಿಮ್ಮ ಕೈತಪ್ಪಲ್ಲ, ಅಚ್ಚಿನಲ್ಲೇ ಬಂದ ದೋಷ. ಪ್ಯಾಕಿನಿಂದ ನೇರ ಪ್ಲಾಸ್ಟಿಕ್ ಸ್ಲೀವಿಗೆ ಇಳಿಸಿದ ಕಾರ್ಡಿಗೂ 9 ಬರುವುದು ಹೀಗೆ. ಒರೆಸಿ ಸರಿಮಾಡಲು ಹೋಗಬೇಡಿ, ಬಟ್ಟೆಯೇ ಹೊಸ ಗೀರು ತರುತ್ತದೆ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗಷ್ಟೇ, ಆದರೆ ಮಾರುಕಟ್ಟೆಯ ಅನುಪಾತಕ್ಕೆ ದೂರವಿಲ್ಲ. ರಾ ಕಾರ್ಡ್ 60 ಡಾಲರ್. ಗ್ರೇಡಿಂಗ್ ಶುಲ್ಕ, ಅಂಚೆ, ವಿಮೆ ಸೇರಿ 30. ಒಟ್ಟು ಹೂಡಿಕೆ 90. ಹತ್ತು ಬಂದರೆ 150ಕ್ಕೆ ಮಾರಾಟ, ಒಂಬತ್ತು ಬಂದರೆ 65ಕ್ಕೆ. ಮಾರುವ ತಾಣ ಸುಮಾರು ನೂರಕ್ಕೆ 13 ಕಡಿದುಕೊಳ್ಳುತ್ತದೆ, ಇಬೇಯಲ್ಲಿ ಹೆಚ್ಚುಕಡಿಮೆ ಇಷ್ಟೇ. ಕೈಗೆ ಬರುವುದು ಮೊದಲಿನದರಲ್ಲಿ 130.50, ಎರಡನೆಯದರಲ್ಲಿ 56.55. ಅಂದರೆ ಹತ್ತು ಬಂದರೆ 40 ಡಾಲರ್ ಲಾಭ, ಒಂಬತ್ತು ಬಂದರೆ 33 ಡಾಲರ್ ನಷ್ಟ. ಹತ್ತು ಕಾರ್ಡ್ ಕಳಿಸಿ ಐದಕ್ಕೆ 10 ಬಂದರೆ 900 ಡಾಲರ್ ಹಾಕಿ ಗಳಿಸಿದ್ದು 35. ನಾಲ್ಕಕ್ಕೆ ಬಂದರೆ 39 ಡಾಲರ್ ಕೈಬಿಟ್ಟಿತು. ಇದರಲ್ಲಿ ಒಂದಕ್ಕೂ 8 ಬಂದಿಲ್ಲ ಎಂದುಕೊಂಡಿದ್ದೇವೆ, ತಿಂಗಳುಗಟ್ಟಲೆ ಕಾದ ಅವಧಿಗೆ ಬಡ್ಡಿ ಹಾಕಿಲ್ಲ, ನಡುವೆ ಬೆಲೆ ಇಳಿಯಲಿಲ್ಲ ಎಂದೂ ನಂಬಿದ್ದೇವೆ. ಅಂಕ ಏನೇ ಬರಲಿ, ಗ್ರೇಡಿಂಗ್ ಕಂಪನಿಗೂ ಮಾರುವ ತಾಣಕ್ಕೂ ಅವರ ಪಾಲು ತಪ್ಪುವುದಿಲ್ಲ. ಒಂದೇ ಕಾರ್ಡಿಗೆ ಎರಡು ಸಲ ಬೇರೆ ಬೇರೆ ಅಂಕ ಬರುವುದೂ ಉಂಟು. ಸ್ಲ್ಯಾಬ್ ಒಡೆದು 9ರ ಕಾರ್ಡನ್ನು ಮತ್ತೊಮ್ಮೆ ಕಳಿಸುವುದೇ ಕೆಲವರಿಗೆ ಕಸುಬು. ಆಗಲೂ ಶುಲ್ಕ ಹೊಸದಾಗಿ ಕಟ್ಟಲೇಬೇಕು. ಕೊರೋನಾ ಕಾಲದಲ್ಲಿ ಈ ಹುಚ್ಚು ಎಷ್ಟು ಏರಿತೆಂದರೆ, ಮೂರು ತಿಂಗಳಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚು ಕಾರ್ಡ್ ಮೂರೇ ದಿನದಲ್ಲಿ ಬಂದು ಬಿದ್ದವೆಂದು 2021ರ ಮಾರ್ಚ್‌ನಲ್ಲಿ ಪಿಎಸ್‌ಎ ತನ್ನ ಅಗ್ಗದ ಸೇವೆಗಳ ಬಾಗಿಲು ಮುಚ್ಚಿತ್ತು.

ಹಾಗಾದರೆ 10ಕ್ಕೆ ಅಷ್ಟು ಬೆಲೆ ಎಲ್ಲಿಂದ? ಪ್ರತಿ ಕಾರ್ಡಿಗೆ ಎಷ್ಟು 10, ಎಷ್ಟು 9 ಕೊಟ್ಟಿದ್ದೇವೆ ಎಂಬ ಪಟ್ಟಿಯನ್ನು ಗ್ರೇಡಿಂಗ್ ಕಂಪನಿಗಳು ಬಹಿರಂಗವಾಗಿ ಇಟ್ಟಿರುತ್ತವೆ. ಹವ್ಯಾಸಿಗಳು ಇದನ್ನು ಪಾಪ್ ರಿಪೋರ್ಟ್ ಎನ್ನುತ್ತಾರೆ. ಅಮೆರಿಕದಲ್ಲಿ 1999ರಲ್ಲಿ ಬಂದ ಮೊದಲ ಮುದ್ರಣದ ಚಾರಿಜಾರ್ಡ್ ಕಾರ್ಡುಗಳಲ್ಲಿ ಪಿಎಸ್‌ಎ ಕೈಗೆ ಸಾವಿರಾರು ಬಂದಿವೆ. ಅವುಗಳಲ್ಲಿ 10 ಪಡೆದವು ಸುಮಾರು 120. ಉಳಿದವುಗಳಲ್ಲಿ ಮಕ್ಕಳು ಆಡಿದ್ದರು, ಜೇಬಿಗೆ ತುರುಕಿದ್ದರು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಹಾಗಾಗಿಯೇ 10ರ ಒಂದು ಪ್ರತಿ 2022ರ ಮಾರ್ಚ್‌ನಲ್ಲಿ 4,20,000 ಡಾಲರಿಗೆ ಹೋಯಿತು. ಇವತ್ತಿನ ಕಾರ್ಡಿನ ಸ್ಥಿತಿ ಬೇರೆ. ಪ್ಯಾಕ್ ಒಡೆದ ಕೈಯಲ್ಲೇ ಎಲ್ಲರೂ ಸ್ಲೀವಿಗೆ ಹಾಕುತ್ತಾರೆ, ಸಾಲುಸಾಲಾಗಿ ಗ್ರೇಡಿಗೆ ಕಳಿಸುತ್ತಾರೆ, 10ರ ಸಂಖ್ಯೆ ವಾರವಾರವೂ ಏರುತ್ತದೆ. ಎಂಬತ್ತರ ದಶಕದ ಕೊನೆಯ ಅಮೆರಿಕದ ಬೇಸ್‌ಬಾಲ್ ಕಾರ್ಡುಗಳಿಗೆ ಆದದ್ದು ಇದೇ. ಮಗನ ಕಾಲೇಜು ಫೀಸಿಗೆ ಆಗುತ್ತದೆಂದು ಆಗ ಪೆಟ್ಟಿಗೆಗಟ್ಟಲೆ ಕೂಡಿಟ್ಟವರ ಅಟ್ಟದಲ್ಲಿ ಅವು ಈಗಲೂ ಇವೆ, ಕೇಳುವವರಿಲ್ಲ. ಎಸೆಯದೆ ಎಲ್ಲರೂ ಕಾಪಾಡಿದ ವಸ್ತು ಅಪರೂಪ ಆಗುವುದಾದರೂ ಹೇಗೆ? ನಮ್ಮ ತೊಂಬತ್ತರ ದಶಕದ ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಕಾರ್ಡುಗಳನ್ನು ಯಾರೂ ಕಾಪಾಡಲಿಲ್ಲ. ಆದರೆ ಅವನ್ನು ಸಾವಿರಗಟ್ಟಲೆ ಕೊಟ್ಟು ಕೊಳ್ಳುವವರೂ ಇಲ್ಲ. ಅಪರೂಪ ಒಂದಿದ್ದರೆ ಸಾಲದು, ಬಯಸುವ ಜನವೂ ಬೇಕು.

ಅಂಕವೇ ಲೆಕ್ಕಕ್ಕಿಲ್ಲದ ಪ್ರಸಂಗವೂ ಒಂದಿದೆ. 2023ರಲ್ಲಿ ಮ್ಯಾಜಿಕ್ ಆಟದವರು 'ಲಾರ್ಡ್ ಆಫ್ ದ ರಿಂಗ್ಸ್' ಸೆಟ್ಟಿನಲ್ಲಿ 'ಒನ್ ರಿಂಗ್' ಎಂಬ ಕಾರ್ಡಿನ ಒಂದೇ ಒಂದು ವಿಶೇಷ ಪ್ರತಿ ಅಚ್ಚು ಹಾಕಿ ಯಾವುದೋ ಪ್ಯಾಕಿನಲ್ಲಿ ಬಿಟ್ಟರು. ಸಿಕ್ಕವನು ಕಳಿಸಿದಾಗ ಪಿಎಸ್‌ಎ ಕೊಟ್ಟದ್ದು 9. ಗಾಯಕ ಪೋಸ್ಟ್ ಮ್ಯಾಲೋನ್ 20 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಅದನ್ನು ಕೊಂಡರು. ಜಗತ್ತಿನಲ್ಲಿ ಒಂದೇ ಇದ್ದರೆ ಒಂಬತ್ತಾದರೇನು?

ಮಾರುವಾಗ ಬಹಳ ಜನ ಎಡವುವುದು ಬೆಲೆ ತಿಳಿಯುವ ಹಂತದಲ್ಲೇ. ಇಬೇಯಲ್ಲಿ ಕಾಣುವ ಬೆಲೆ ಮಾರುವವನ ಆಸೆ. ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಒತ್ತಿ, ಅದೇ ಮುದ್ರಣ, ಅದೇ ಭಾಷೆ, ಅದೇ ಗ್ರೇಡಿನ ಕೊನೆಯ ಐದಾರು ವ್ಯವಹಾರ ನೋಡಬೇಕು. ಅವಸರಕ್ಕೆ ಅಂಗಡಿಗೆ ಮಾರಿದರೆ ಅವರ ಲಾಭಕ್ಕೆ ಜಾಗ ಬಿಟ್ಟು ಅದಕ್ಕಿಂತ ಎಷ್ಟೋ ಕಡಿಮೆ ಕೊಡುತ್ತಾರೆ, ಅದರಲ್ಲಿ ಮೋಸವೇನಿಲ್ಲ. ಚಿತ್ರಕ್ಕಲ್ಲದೆ ಆಟಕ್ಕಾಗಿ ಬೇಡಿಕೆಯಿರುವ ಕಾರ್ಡಾದರೆ ಕೆಳಗಿನ ಮೂಲೆಯ ಪುಟ್ಟ ಅಕ್ಷರವನ್ನು ನೋಡಿ. ವರ್ಷಕ್ಕೊಮ್ಮೆ ಹಳೆಯ ಅಕ್ಷರದ ಕಾರ್ಡುಗಳನ್ನು ಸ್ಪರ್ಧೆಯ ಮುಖ್ಯ ವಿಭಾಗದಿಂದ ಕೈಬಿಡುತ್ತಾರೆ, ಅವುಗಳ ಬೆಲೆ ಅದಕ್ಕೆ ಮುಂಚೆಯೇ ಕುಸಿದಿರುತ್ತದೆ. ಇನ್ನೊಂದು ಮಾತು. ಪಿಎಸ್‌ಎಯ ಒಡೆಯ ಸಂಸ್ಥೆ 2021ರಿಂದ 2024ರವರೆಗೆ ಗೋಲ್ಡಿನ್ ಎಂಬ ಕಾರ್ಡ್ ಹರಾಜು ಸಂಸ್ಥೆಯನ್ನೂ ನಡೆಸಿ, ಕೊನೆಗೆ ಇಬೇಗೆ ಮಾರಿತು. ಅದೇ ಒಡೆಯ ಸಂಸ್ಥೆ ಎಸ್‌ಜಿಸಿ ಎಂಬ ಇನ್ನೊಂದು ಗ್ರೇಡಿಂಗ್ ಕಂಪನಿಯನ್ನೂ 2024ರಲ್ಲಿ ಕೊಂಡಿತು. ಅಂಕ ಕೊಡುವವರೂ ಮಾರುವವರೂ ಇಷ್ಟು ಹತ್ತಿರದ ನೆಂಟರಾಗಿದ್ದುದು ನನಗೆ ಸರಿ ಕಾಣುವುದಿಲ್ಲ.

ನಮ್ಮೂರಿನ ಮಾತಿಗೆ ಬಂದರೆ, ಫ್ಯಾನ್ಸಿ ಸ್ಟೋರುಗಳಲ್ಲಿ, ಜಾತ್ರೆಯಲ್ಲಿ ಸಿಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳ ಕಟ್ಟು ಪೂರ್ತಿ ನಕಲಿ. ಮಕ್ಕಳು ಆಡಿಕೊಳ್ಳಲಿ, ಚಿಂತೆಯಿಲ್ಲ, ಬೆಲೆ ಬರುತ್ತದೆಂದು ಎತ್ತಿಡಬೇಡಿ. ಅಸಲಿ ಕಾರ್ಡಿನ ಕಾಗದದ ನಡುವೆ ತೆಳುವಾದ ಕಪ್ಪು ಪದರವಿರುತ್ತದೆ. ಅನುಮಾನ ಬಂದ ರಾಶಿಯಲ್ಲಿ ಬೆಲೆಯಿಲ್ಲದ ಒಂದನ್ನು ಹರಿದು ನೋಡಿದರೆ ಗೊತ್ತಾಗುತ್ತದೆ. ಅಮೆರಿಕದಿಂದ ಬರುವ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ ಪೆಟ್ಟಿಗೆ ತರಿಸುವುದು ಬೆಂಗಳೂರಿನ ಹುಡುಗರ ಹಳೆಯ ದಾರಿ. ಕೊರಿಯರಿನಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ ಬೀಳುತ್ತದೆ. ಗ್ರೇಡಿಗೆ ಇಲ್ಲಿಂದ ಒಬ್ಬೊಬ್ಬರೇ ಕಳಿಸುವುದು ದುಬಾರಿಯಾದ್ದರಿಂದ ಹಲವರ ಕಾರ್ಡ್ ಕೂಡಿಸಿ ಒಟ್ಟಿಗೆ ಕಳಿಸುವ ಮಧ್ಯವರ್ತಿಗಳಿದ್ದಾರೆ. ಮೇಲಿನ ಲೆಕ್ಕದ 30 ಡಾಲರಿಗೆ ಅವರ ಕಮಿಷನ್, ಎರಡೂ ಕಡೆಯ ಸಾಗಣೆ, ಸುಂಕದ ಪಾಲು ಸೇರಿಸಿ ಮತ್ತೆ ಹಾಕಿ ನೋಡಿ. ಐದು ಸಾವಿರ ರೂಪಾಯಿಯ ಕಾರ್ಡಿಗೆ ಬಹುಪಾಲು ಲೆಕ್ಕ ಕೂಡುವುದಿಲ್ಲ.

ಕೂಡಿತು ಎನಿಸಿ ಕಳಿಸುವುದೇ ಆದರೆ, ಕಾರ್ಡ್ ಕೈಬಿಡುವ ಮುನ್ನ ಎರಡೂ ಬದಿಯ, ನಾಲ್ಕೂ ಮೂಲೆಯ ಫೋಟೊ ತೆಗೆದಿಡಿ. ದಾರಿಯಲ್ಲಿ ಕಳೆದರೆ ಯಾರು ಎಷ್ಟು ಕಟ್ಟಿಕೊಡಬೇಕು ಎಂಬುದನ್ನು ಮಧ್ಯವರ್ತಿಯಿಂದ ಬರಹದಲ್ಲಿ ಪಡೆಯಿರಿ. ಸ್ಲ್ಯಾಬ್ ವಾಪಸ್ ಬಂದ ದಿನವೇ ಅದರ ಮೇಲಿನ ಸಂಖ್ಯೆಯನ್ನು ಗ್ರೇಡಿಂಗ್ ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿ ಬರುವ ಕಾರ್ಡೂ ನಿಮ್ಮ ಫೋಟೊದ ಕಾರ್ಡೂ ಒಂದೇ ಹೌದೋ ಎಂದು ನೋಡಿಕೊಳ್ಳಿ.